ಚೆಂಬ್ರದ ತಪ್ಪಲಿನಲ್ಲಿ ಊಲಾಂಗ್ ಚಹಾ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ, ಮುತ್ತಂಗದ ಮೂಲಕ ವಯನಾಡು ಸೇರುವ ದಾರಿ ನಮ್ಮ ಕಡೆಯ ಅನೇಕ ಕುಟುಂಬಗಳಿಗೆ ಪರಿಚಿತ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ಸಾಮಾನ್ಯ ವಾಹನಗಳಿಗೆ ಅವಕಾಶವಿಲ್ಲ. ಹೊತ್ತು ನೋಡಿಯೇ ಹೊರಡಬೇಕು. ಸುಲ್ತಾನ್ ಬತ್ತೇರಿಯವರೆಗೆ ಕಾಣುವುದು ಗದ್ದೆ, ಬಾಳೆ, ಕಾಫಿ, ಮೆಣಸಿನ ಬಳ್ಳಿ. ಚಹಾ ತೋಟ ಬೇಕೆಂದರೆ ಕಲ್ಪೆಟ್ಟ ದಾಟಿ ಮೇಪ್ಪಾಡಿಯ ಕಡೆಗೆ ತಿರುಗಬೇಕು. ಅಲ್ಲಿಂದ ಮುಂದೆ ಗುಡ್ಡವೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು, ಹಿಂದೆ 2,100 ಮೀಟರ್ ಎತ್ತರದ ಚೆಂಬ್ರ ಶಿಖರ.

ಕನ್ನಡಿಗನಿಗೆ ವಯನಾಡು ಪರಸ್ಥಳವೆನಿಸುವುದಿಲ್ಲ. ಕಲ್ಪೆಟ್ಟದ ಸುತ್ತಲಿನ ಜೈನ ಗೌಡರ ಮನೆತನಗಳು ಕನ್ನಡ ನಾಡಿನಿಂದ ಹೋಗಿ ನೆಲೆಸಿದವು. ಕಾಡಿನ ಅಂಚಿನ ಕಾಟ್ಟುನಾಯ್ಕರ ಮಾತಿನಲ್ಲಿ ನಮ್ಮ ಕನ್ನಡ ಇಣುಕುತ್ತದೆ. 1923ರಲ್ಲಿ ಕಲ್ಲಿಕೋಟೆ ಧರ್ಮಕ್ಷೇತ್ರ ರಚನೆಯಾಗುವವರೆಗೆ ಇಲ್ಲಿಯ ಲ್ಯಾಟಿನ್ ವಿಧಿಯ ಚರ್ಚುಗಳು ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿದ್ದವು. ಬ್ರಿಟಿಷರು ಇಲ್ಲಿ ಮೊದಲು ಬೆಳೆದದ್ದು ಕಾಫಿ. ಅದಕ್ಕೆ ಎಲೆ ತುಕ್ಕು ರೋಗ ಬಡಿಯಿತು. 1880ರ ಸುಮಾರಿಗೆ ದೇವಾಲ, ಪಂದಲೂರು ಕಡೆ ಚಿನ್ನ ಸಿಗುತ್ತದೆಂದು ಕಂಪನಿಗಳು ಮುಗಿಬಿದ್ದು ಕೈ ಸುಟ್ಟುಕೊಂಡವು. ಚಹಾ ಬೇರೂರಿದ್ದು ಅದರ ನಂತರ. ಮೈಸೂರು ಸೀಮೆಯ ಕನ್ನಡ ಕೂಲಿಗಳೂ ಈ ತೋಟಗಳಿಗೆ ಗುಂಪು ಗುಂಪಾಗಿ ಹೋದವರೇ.

ನನ್ನ ಗುರುಮಠದ ಸಹಪಾಠಿಯೊಬ್ಬರು ಮೇಪ್ಪಾಡಿ ಸೀಮೆಯ ಒಂದು ಸಣ್ಣ ಚರ್ಚಿನಲ್ಲಿ ಗುರುಗಳಾಗಿದ್ದಾರೆ. ಅವರ ತಂದೆ ಚಹಾ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಾಗಾಗಿ ಇವರಿಗೂ ಎಲೆಯ ವಿದ್ಯೆ ಚೆನ್ನಾಗಿ ಗೊತ್ತು. ಕಳೆದ ಬೇಸಿಗೆಯಲ್ಲಿ ಮೂರು ದಿನ ಅವರಲ್ಲಿ ತಂಗಿದ್ದಾಗ, ತೈವಾನಿನಲ್ಲಿ ಓದುತ್ತಿರುವ ಅವರ ತಂಗಿಯ ಮಗ ಕಳುಹಿಸಿದ ಒಂದು ಡಬ್ಬಿ ತೆರೆದರು. ಒಳಗೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ಉಂಡೆಗಳು. ಡೊಂಗ್‌ಡಿಂಗ್ ಎಂಬ ಬೆಟ್ಟದ, ಚೆನ್ನಾಗಿ ಹುರಿದ ಊಲಾಂಗ್ ಚಹಾ. ಚೀನೀ ಭಾಷೆಯಲ್ಲಿ ಊಲಾಂಗ್ ಎಂದರೆ ಕಪ್ಪು ಡ್ರ್ಯಾಗನ್ ಎಂದು ಅರ್ಥವಂತೆ.

ಹಸಿರು ಚಹಾ, ನಾವು ಕುಡಿಯುವ ಚಹಾ, ಊಲಾಂಗ್ ಇವೆಲ್ಲ ಬೇರೆ ಬೇರೆ ಗಿಡಗಳೆಂದು ತಿಳಿದವರು ಬಹಳ. ಗಿಡ ಒಂದೇ, ಕಮೆಲಿಯಾ ಸೈನೆನ್ಸಿಸ್. (ಈ ಹೆಸರಿನ ಮೊದಲ ಭಾಗ ನಮ್ಮವರದೇ ಎನ್ನಬಹುದು. ಮನಿಲಾದಲ್ಲಿ ಔಷಧಾಲಯ ನಡೆಸುತ್ತ ಗಿಡಮೂಲಿಕೆಗಳನ್ನು ಅಭ್ಯಸಿಸಿದ, 1706ರಲ್ಲಿ ತೀರಿಕೊಂಡ ಯೇಸುಸಭೆಯ ಬ್ರದರ್ ಜಾರ್ಜ್ ಜೋಸೆಫ್ ಕಾಮೆಲ್ ಅವರ ಗೌರವಾರ್ಥ ಲಿನ್ನೇಯಸ್ ಇಟ್ಟ ಹೆಸರದು.) ವ್ಯತ್ಯಾಸವಿರುವುದು ಎಲೆಗೆ ಗಾಳಿ ಎಷ್ಟು ತಾಗಿತು ಎಂಬುದರಲ್ಲಿ. ಕೊಯ್ದ ಸೇಬು ಕಂದಾಗುವ ಹಾಗೆ, ಗಾಯಗೊಂಡ ಚಹಾ ಎಲೆಯೂ ಗಾಳಿಗೆ ಕೆಂಪಾಗುತ್ತದೆ. ತಕ್ಷಣ ಬಿಸಿ ತಾಗಿಸಿ ತಡೆದರೆ ಹಸಿರು ಚಹಾ, ಪೂರ್ತಿ ಕೆಂಪಾಗಲು ಬಿಟ್ಟರೆ ಕಪ್ಪು ಚಹಾ. ಊಲಾಂಗ್ ಇವೆರಡರ ನಡುವಿನದು. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಯಾರಿಸುವವನ ಮೂಗು ಹೇಳಬೇಕು. ಆಮೇಲೆ ಕೆಂಡದ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಹುರಿದರೆ ಕಪ್ಪು ಊಲಾಂಗ್ ಆಗುತ್ತದೆ. ಚೀನಾದ ವೂಯಿ ಬೆಟ್ಟಗಳು ಇದಕ್ಕೆ ಹೆಸರುವಾಸಿ. ಅಲ್ಲಿಯ ಬಂಡೆಯೊಂದರ ಮೇಲಿನ ಆರು ಹಳೆಯ ಗಿಡಗಳಿಂದ 2005ರಲ್ಲಿ ಕೊನೆಯ ಬಾರಿ ಎಲೆ ಕಿತ್ತು, ಆ ಚಹಾವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ವಯನಾಡಿನ ಕಾರ್ಖಾನೆಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆಯೇ ಕೆಲಸ. ಹಲ್ಲಿರುವ ಎರಡು ಉರುಳೆಗಳ ನಡುವೆ ಎಲೆಯನ್ನು ಅರೆದು, ಹರಿದು, ಸುತ್ತಿ ಕಾಳು ಮಾಡುವ ಸಿ.ಟಿ.ಸಿ. ವಿಧಾನ. ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಪುಡಿ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸುವುದಕ್ಕೆ ಅದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಊಲಾಂಗನ್ನು ಹಾಗೆ ಕುದಿಸಿದರೆ ಎರಡಕ್ಕೂ ಅವಮಾನ.

ಅದನ್ನು ಬಸಿಯುವ ಬಗೆ ಹೀಗೆ. ವಿಶೇಷ ಪಾತ್ರೆಯೇನೂ ಬೇಡ, ಸಣ್ಣ ಪಿಂಗಾಣಿ ಕಪ್ಪು, ಮುಚ್ಚಲು ಒಂದು ಸಾಸರ್ ಸಾಕು. 100 ಮಿಲಿಲೀಟರ್ ನೀರಿಗೆ ಸುಮಾರು 5 ಗ್ರಾಂ, ಅಂದರೆ ಎರಡು ಚಹಾ ಚಮಚ. ಇಷ್ಟೊಂದು ಎಲೆಯೇ ಎಂದು ಗಾಬರಿಯಾಗಬೇಡಿ. ಒಂದೇ ಎಲೆಯನ್ನು ಆರೇಳು ಸಲ ಬಸಿಯುವುದಿದೆ. ಹಸಿರು ಚಹಾಕ್ಕೆ ನೀರು ಸ್ವಲ್ಪ ಆರಬೇಕು, ಇದಕ್ಕೆ ಮಾತ್ರ ಕೊತಕೊತ ಕುದಿಯುವ ನೀರೇ ಆಗಬೇಕು. ಮೇಪ್ಪಾಡಿಯಲ್ಲಾಗಲಿ ಮೈಸೂರಿನಲ್ಲಾಗಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೇ. ಮೊದಲು ಒಂದು ಸಲ ಬಿಸಿನೀರು ಹಾಕಿ ಐದೇ ಸೆಕೆಂಡಿಗೆ ಚೆಲ್ಲಿಬಿಡಬೇಕು, ಉಂಡೆ ಎಚ್ಚರಗೊಳ್ಳಲಿ ಎಂದು. ಆಮೇಲೆ ನೀರು ಹಾಕಿ ಅರ್ಧ ನಿಮಿಷದೊಳಗೆ ಪೂರ್ತಿ ಬಸಿದುಕೊಳ್ಳಬೇಕು. ಪ್ರತಿ ಸಲ ಹತ್ತು ಸೆಕೆಂಡು ಹೆಚ್ಚಿಸುತ್ತ ಹೋಗಬಹುದು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸು ಮಾತ್ರ ಈ ಚಹಾವನ್ನು ಕೊಂದುಹಾಕುತ್ತದೆ. ಮೇಲೆ ಕೆನೆಯಂಥ ಪೊರೆ ಕಟ್ಟಿ ಸುವಾಸನೆ ಸತ್ತುಹೋಗುತ್ತದೆ. ಶೋಧಿಸಿಟ್ಟ ಮಳೆ ನೀರಿದ್ದರೆ ಉತ್ತಮ.

ರುಚಿ? ಮೊದಲ ಲೋಟದಲ್ಲಿ ಹುರಿಗಡಲೆಯ ವಾಸನೆ, ಬೆಲ್ಲದ ಪಾಕ ತಳ ಹಿಡಿಯುವ ಮುಂಚಿನ ಕಮರು. ಎರಡನೆಯದರಲ್ಲಿ ಒಣದ್ರಾಕ್ಷಿ. ಮೂರು ನಾಲ್ಕರ ಹೊತ್ತಿಗೆ ಹೊಗೆ ಸರಿದು ಹೂವಿನಂಥದ್ದೇನೋ ಮೇಲೆದ್ದಿತು. ಒಗರು ಇದೆ, ಆದರೆ ನಾಲಿಗೆ ಕಟ್ಟುವುದಿಲ್ಲ. ನುಂಗಿದ ಮೇಲೆ ಗಂಟಲಿನಿಂದ ಸಿಹಿ ಮರಳಿ ಬರುತ್ತದೆ. ಚೀನಿಯರು ಇದಕ್ಕೇ ಹೆಚ್ಚು ಬೆಲೆ ಕೊಡುತ್ತಾರಂತೆ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಈ ಸಿಹಿಯನ್ನು ವಿವರಿಸಬೇಕಾಗಿಲ್ಲ.

ಗುರುಗಳ ಮನೆಯಲ್ಲಿ ಅಡಿಗೆ ಮಾಡುವ ಚೇಚಿ ಮೂವತ್ತೆರಡು ವರ್ಷ ತೋಟದಲ್ಲಿ ಎಲೆ ಕಿತ್ತವರು. ಅವರ ಅಜ್ಜಿ ಗುಂಡ್ಲುಪೇಟೆ ಕಡೆಯವರು. ಮಲಯಾಳ ಬೆರೆತ ಕನ್ನಡದಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದರು. ಕಪ್ಪಿನಲ್ಲಿ ಉಂಡೆ ಬಿಚ್ಚಿಕೊಂಡು ಇಡೀ ಎಲೆಗಳು ದಂಟಿನೊಡನೆ ಅರಳಿದ್ದನ್ನು ನೋಡಿ ಒಂದನ್ನು ಬೆರಳಲ್ಲಿ ಹರವಿದರು.

"ಅಚ್ಚಾ, ಇದು ಬಂಜಿ ಅಲ್ಲವಾ? ನಾವು ಇದನ್ನ ಚೀಲಕ್ಕೆ ಹಾಕಿದರೆ ಮೇಸ್ತ್ರಿ ತೂಕದಲ್ಲಿ ಕಡೀತಿದ್ದ!"

ಅವರ ಮಾತು ಸರಿಯೇ. ನಮ್ಮ ತೋಟಗಳಲ್ಲಿ ಎರಡು ಎಲೆ ಒಂದು ಮೊಗ್ಗೇ ಶ್ರೇಷ್ಠ. ಮೊಗ್ಗು ಬೆಳೆಯುವುದನ್ನು ನಿಲ್ಲಿಸಿ ಎಲೆ ಬಲಿತ ಕುಡಿಗೆ ಬಂಜಿ ಎನ್ನುತ್ತಾರೆ. ಅದಕ್ಕೆ ಮರ್ಯಾದೆ ಕಡಿಮೆ. ಊಲಾಂಗಿಗೆ ಕೀಳುವುದು ಅಂಥ ಕುಡಿಯನ್ನೇ. ಬಲಿತ ಎಲೆಯಾದರೆ ಮಾತ್ರ ಆ ಪೆಟ್ಟುಗಳನ್ನೆಲ್ಲ ತಾಳಿಕೊಂಡು ಸುವಾಸನೆ ಕೊಡುತ್ತದೆ.

ಮರುದಿನ ಬೆಳಿಗ್ಗೆ ಚೇಚಿಯೊಡನೆ ನಾವಿಬ್ಬರೂ ಪುತ್ತುಮಲಕ್ಕೆ ಹೋದೆವು. 2019ರ ಆಗಸ್ಟ್ 8ರಂದು ಗುಡ್ಡ ಕುಸಿದು ಹಲವರು ಸತ್ತ ಸ್ಥಳ ಅದು. 2024ರ ಜುಲೈ 30ರ ನಸುಕಿನಲ್ಲಿ ಇಲ್ಲಿಗೆ ಸಮೀಪದ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 48 ಗಂಟೆಗಳಲ್ಲಿ ಸುಮಾರು 570 ಮಿಲಿಮೀಟರ್ ಮಳೆ ಸುರಿದಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಪಾಡಿಗಳಲ್ಲಿ, ಅಂದರೆ ತೋಟದ ಲೈನ್ ಮನೆಗಳಲ್ಲಿ ಮಲಗಿದ್ದ ಕಾರ್ಮಿಕರು. ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಪುತ್ತುಮಲದಲ್ಲಿ, ಚಹಾ ತೋಟದ ಜಾಗದಲ್ಲೇ ಹೂಳಿದರು. ಯಾರು ಯಾವ ಮತದವರೆಂದು ತಿಳಿಯದ್ದರಿಂದ ಎಲ್ಲ ಮತಗಳ ಪ್ರಾರ್ಥನೆಯನ್ನೂ ಪ್ರತಿಯೊಬ್ಬರಿಗೂ ಸಲ್ಲಿಸಲಾಯಿತು. ಹೆಸರಿನ ಜಾಗದಲ್ಲಿ ಸಂಖ್ಯೆ ಬರೆದ ಕಲ್ಲುಗಳನ್ನು ನೆಟ್ಟರು. ಆಮೇಲೆ ಡಿ.ಎನ್.ಎ. ಪರೀಕ್ಷೆಯಿಂದ ಕೆಲವಕ್ಕೆ ಹೆಸರು ಬಂತು. ಈಗ ಆ ನೆಲಕ್ಕೆ 'ಹೃದಯಭೂಮಿ' ಎನ್ನುತ್ತಾರೆ.

ಚೇಚಿಯೊಡನೆ ಒಂದೇ ಸಾಲಿನಲ್ಲಿ ಎಲೆ ಕೀಳುತ್ತಿದ್ದ ನಾಲ್ವರು ಆ ರಾತ್ರಿ ಹೋದರು. ಇಬ್ಬರ ಕಲ್ಲು ಎಲ್ಲಿದೆಯೆಂದು ಅವರಿಗೆ ಗೊತ್ತು, ಅಲ್ಲಿ ಮೇಣದ ಬತ್ತಿ ಹಚ್ಚಿದರು. ಉಳಿದಿಬ್ಬರಿಗಾಗಿ ಹೆಸರಿಲ್ಲದ ಕಲ್ಲುಗಳ ಮುಂದೆ ನಿಂತರು. ನಾವು ಮೂವರೂ ಜಪಸರ ಹೇಳಿದೆವು. ಬದುಕುಳಿದವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಂಬ ಚಹಾ ತೋಟದ ನೆಲದಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾಯಿತು. ತಲೆಮಾರುಗಟ್ಟಲೆ ಕಂಪನಿಯ ಪಾಡಿಯಲ್ಲಿ ಬದುಕಿದವರಿಗೆ ಸ್ವಂತದ್ದೆನ್ನುವ ಮನೆ ಸಿಗಲು ಇಂಥದ್ದೊಂದು ರಾತ್ರಿ ಬರಬೇಕಾಯಿತು. ಇದು ನನಗೆ ಇಂದಿಗೂ ಅರಗದ ಸಂಗತಿ.

ಮಧ್ಯಾಹ್ನ ಚೇಚಿ ಚರ್ಚಿನ ಬೇಲಿಯ ಬಳಿ ಕಾಡುಬಿದ್ದಿದ್ದ ಐದಾರು ಚಹಾ ಗಿಡಗಳಿಂದ ಒಂದು ಮೊರದಷ್ಟು ಬಂಜಿ ಕಿತ್ತು ತಂದರು. "ಮಾಡಿಯೇ ನೋಡೋಣ" ಎಂದರು. ಮುಕ್ಕಾಲು ಗಂಟೆ ಬಿಸಿಲಿಗೆ ಬಾಡಿಸಿದ್ದಾಯಿತು. ಅನಂತರ ಒಳಗೆ ನೆರಳಿನಲ್ಲಿ, ಗಂಟೆಗೊಮ್ಮೆ ಮೊರದಲ್ಲಿ ಕೇರಿದ ಹಾಗೆ ಎಲೆಯನ್ನು ಹಾರಿಸಿ ಹಿಡಿದು ಅಂಚುಗಳನ್ನು ನಲುಗಿಸುವುದು, ಮತ್ತೆ ಸುಮ್ಮನೆ ಬಿಡುವುದು. ಚೀನಾದಲ್ಲಿಯೂ ಬಿದಿರಿನ ತಟ್ಟೆಯಲ್ಲಿ ಹೀಗೆಯೇ ಮಾಡುತ್ತಾರೆ. ಸಂಜೆ ಹೊತ್ತಿಗೆ ಬರೀ ಹುಲ್ಲಿನ ವಾಸನೆ. ರಾತ್ರಿ ಒಂಬತ್ತಕ್ಕೆ ಕೊಠಡಿಯಲ್ಲಿ ಮಾಗಿದ ಸೀಬೆಯ ಪರಿಮಳ ತುಂಬಿತ್ತು. ಎಲೆಯ ನಡುವೆ ಹಸಿರು, ಸುತ್ತ ಕೆಂಪು ಗೆರೆ. ನನ್ನ ಸಹಪಾಠಿ ಹನ್ನೊಂದಕ್ಕೆ ಸಾಕೆಂದರು. ಚೇಚಿ ಮೂಸಿ ನೋಡಿ, "ಇಲ್ಲ ಅಚ್ಚಾ, ಇನ್ನೊಂದು ಸಲ" ಎಂದರು. ಹನ್ನೆರಡೂವರೆಗೆ ಕಬ್ಬಿಣದ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಕಟ್ಟಿ ಹೊಸೆದು, ಬೆಳಗಿನವರೆಗೆ ಒಲೆಯ ಬೂದಿ ಕೆಂಡದ ಮೇಲೆ ಒಣಗಿಸಿದರು.

ಇದರಿಂದ ವಯನಾಡಿನ ಕಷ್ಟ ತೀರುತ್ತದೆಂದು ನಾನು ಹೇಳಲಾರೆ. ಊಲಾಂಗಿಗೆ ಕೈ ಬೇಕು, ನಿದ್ದೆ ಕೆಡಬೇಕು, ಕೊಳ್ಳುವವರೂ ಬೇಕು. ತೋಟದವರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಈಗ ಅನೇಕ ಕಡೆ ಎಲೆ ಕೀಳುತ್ತಿರುವವರು ಜಾರ್ಖಂಡ್, ಅಸ್ಸಾಂನಿಂದ ಬಂದವರು. ಆದರೆ ಮೂವತ್ತೆರಡು ವರ್ಷ ಕಿಲೋ ಲೆಕ್ಕದಲ್ಲಿ ಮಾತ್ರ ಅಳೆಯಲ್ಪಟ್ಟ ಆ ಕೈಗೆ, ಆ ಮೂಗಿಗೆ ಇಷ್ಟೆಲ್ಲ ಗೊತ್ತಿತ್ತು. ಅದನ್ನು ಯಾವ ಮೇಸ್ತ್ರಿಯೂ ಕೇಳಿರಲಿಲ್ಲ.

ಹೊರಡುವ ದಿನ ಅದನ್ನು ಬಸಿದೆವು. ಮೊದಲ ಲೋಟದಲ್ಲಿ ಹೊಗೆ ಹೆಚ್ಚು, ಒಗರು ಜೋರು. ನಮ್ಮ ಗಿಡಗಳು ಅಸ್ಸಾಂ ಜಾತಿಯ ದೊಡ್ಡೆಲೆಯವು, ಅವು ಹಾಗೆಯೇ. ಮೂರನೆಯ ಸಲಕ್ಕೆ ಒಗರು ಇಳಿದು ಸೀಬೆಯ ಪರಿಮಳ ಬಂತು. ಲೋಟ ಕೆಳಗಿಟ್ಟ ಮೇಲೆ ಗಂಟಲಿನಲ್ಲಿ ನೆಲ್ಲಿಕಾಯಿಯ ಆ ಸಿಹಿಯೂ ಬಂತು. ನಾವಿಬ್ಬರೂ ಹೊಗಳುತ್ತ ಕುಳಿತಿದ್ದಾಗ ಚೇಚಿ ಒಂದು ಗುಟುಕು ಕುಡಿದು, ಎದ್ದು ಅಡಿಗೆಮನೆಗೆ ಹೋಗಿ ತಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಬಂದರು.