ಗೊರವಯ್ಯ ಬಿಲ್ಲೇರಿದಾಗ

ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಹೋದವರಿಗೆ ಗೊತ್ತು. ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ನೆರೆದಿರುತ್ತಾರೆ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದದ್ದೇ ತಡ, ಅಷ್ಟೂ ಗದ್ದಲ ಅಡಗುತ್ತದೆ. ಆಮೇಲೆ ಬರುವುದು ಭವಿಷ್ಯ ನುಡಿಯುವ ಒಂದೇ ಮಾತು. ಅದು ಮಳೆಯದೋ ಬೆಳೆಯದೋ ರಾಜಕಾರಣದ್ದೋ ಎಂದು ದಾರಿಯುದ್ದಕ್ಕೂ ಬಿಡಿಸುತ್ತ ಜನ ಊರು ಸೇರುತ್ತಾರೆ. ನನ್ನ ಕುತೂಹಲವೆಲ್ಲ ಆ ಮಾತು ಹೊರಡುವ ಮುಂಚಿನ ಗಳಿಗೆಯ ಮೇಲೆ. ಮನುಷ್ಯನ ಮಿದುಳು ಕಾಯುವುದರಲ್ಲಿ ಎಂಥ ನಿಪುಣ!

ಈ ಕಾಯುವಿಕೆಯ ಹಿಂದೆ ನಡುಮಿದುಳಿನಲ್ಲಿ ಡೋಪಮಿನ್ ಸ್ರವಿಸುವ ನರಕೋಶಗಳ ಪುಟ್ಟ ಗುಂಪಿದೆ. ಡೋಪಮಿನ್ ಅಂದರೆ ಸುಖದ ರಸ ಎಂದು ಬಹಳ ಮಂದಿ ತಿಳಿದಿದ್ದಾರೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಕಂಡದ್ದು ಬೇರೆ. ಮೊದಮೊದಲು ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಈ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ದೀಪ ಹೊತ್ತುತ್ತದೆ ಎಂದು ಮಂಗ ಕಲಿತ ಮೇಲೆ ದೀಪಕ್ಕೇ ಮಿಡಿದವು, ರಸಕ್ಕೆ ಸುಮ್ಮನಾದವು. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಮಿಡಿತ ಕುಸಿಯಿತು. ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವೇ ಕಲಿಕೆಯ ಪಾಠ ಎಂದು 1997ರಲ್ಲಿ ಶುಲ್ಟ್ಸ್, ದಯಾನ್, ಮಾಂಟೆಗ್ಯೂ ಲೆಕ್ಕಹಾಕಿ ತೋರಿಸಿದರು.

ಕೊಟ್ಟೂರಿನ ಮಂಡಕ್ಕಿ-ಮಿರ್ಚಿಯನ್ನೇ ನೋಡಿ. ಮೊದಲ ಸಲ ತಿಂದವನಿಗೆ ಬಾಯಿಯಲ್ಲಿ ಹಬ್ಬ. ದಿನಾ ತಿನ್ನುವವನಿಗೆ ಬಾಣಲೆಯ ವಾಸನೆ ಬಂದಾಗಲೇ ಹಬ್ಬ ಶುರು. ಅಂಗಡಿ ಮುಚ್ಚಿದ್ದರೆ ಮುಖ ಬಾಡುತ್ತದೆ.

2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸಿಗಲೂಬಹುದು, ಸಿಗದಿರಲೂಬಹುದು, ಎರಡಕ್ಕೂ ಸಮಪಾಲು ಎನ್ನುವಂತಿದ್ದಾಗ ಈ ಕೋಶಗಳ ಮಿಡಿತ ಕಾಯುವಷ್ಟು ಹೊತ್ತೂ ಏರುತ್ತಲೇ ಹೋಗುತ್ತದೆಯಂತೆ. ಅದನ್ನು ಓದಿದಾಗ ನನಗೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎರೆ ಹೊಲ, ಕೆಂಪು ಹೊಲಗಳು ನೆನಪಾದವು. ಹೋದ ವರ್ಷ ಶೇಂಗಾ ಒಣಗಿದ್ದರೂ ಮೊದಲ ಮಳೆಗೆ ಮತ್ತೆ ಬೀಜ ಹಿಡಿದು ನಿಲ್ಲುವ ರೈತನ ಹಿಂದೆ ಸಾಲ, ಹೊಟ್ಟೆ, ಮನೆತನ ಎಲ್ಲವೂ ಇವೆ. ಆದರೂ ಮೋಡ ಕಂಡಾಗ ಅವನ ಕಣ್ಣಲ್ಲಿ ಮೂಡುವ ಹೊಳಪಿಗೆ ಈ ಕೋಶಗಳ ಪಾಲೂ ಇದೆ ಎಂದು ನನ್ನ ನಂಬಿಕೆ.

ಸಿಕ್ಕೀತೆಂದು ಕಾಯುವ ಈ ದೌರ್ಬಲ್ಯವನ್ನು ಓಸಿ ಜೂಜಿನ ಚೀಟಿ ಬರೆಯುವವನೂ ಬಲ್ಲ. ಆಗೊಮ್ಮೆ ಈಗೊಮ್ಮೆ ನಂಬರ್ ಹತ್ತಿದರೆ ಸಾಕು, ಕೂಲಿ ಕಾಸೆಲ್ಲ ಅಲ್ಲಿಗೇ. ಚೀಟಿ ಕಟ್ಟುವವನಿಗೆ ಅದರಲ್ಲಿ ಸುಖವಿದೆಯೇ? ಅಮೆರಿಕದ ನರವಿಜ್ಞಾನಿ ಕೆಂಟ್ ಬೆರಿಡ್ಜ್ ಡೋಪಮಿನ್ ಕಳೆದುಕೊಂಡ ಇಲಿಗಳ ನಾಲಿಗೆಗೆ ಸಿಹಿ ಹನಿಸಿದಾಗ ಅವು ತುಟಿ ನೆಕ್ಕಿದವು. ತಾವಾಗಿ ಎದ್ದು ಆಹಾರದತ್ತ ಹೋಗಲಿಲ್ಲ. ಬಯಸುವುದು ಬೇರೆ, ಸವಿಯುವುದು ಬೇರೆ. ಚೀಟಿಯ ಚಟ ಹತ್ತಿದವನ ಮುಖದಲ್ಲಿ ಬಯಕೆ ಕಾಣುತ್ತದೆ, ಸವಿ ಕಾಣುವುದಿಲ್ಲ. ಅವನನ್ನು ಸೋಮಾರಿ, ನಾಲಾಯಕ್ ಎಂದು ಬೈಯುವುದು ನನಗೆ ಸರಿಕಾಣದು.

ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವೇ ಕಲಿಸುತ್ತದೆ ಎಂಬ ಗುಟ್ಟನ್ನು ಮೇಷ್ಟ್ರುಗಳು ಮಾತ್ರ ಧಾರಾಳವಾಗಿ ಬಳಸಲಿ. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆಗೆ ಮಕ್ಕಳನ್ನು ಕರೆದೊಯ್ದರೆ ಪಾಠ ಶುರುಮಾಡುವ ಮೊದಲು ಕೇಳಿ: ಇಲ್ಲಿ ಎಷ್ಟು ಜಾತಿಯ ಹಕ್ಕಿಗಳಿರಬಹುದು? ಒಬ್ಬ ಹತ್ತು ಅಂದಾನು, ಇನ್ನೊಬ್ಬಳು ಇಪ್ಪತ್ತು ಅಂದಾಳು. ಎಲ್ಲರೂ ಒಂದೊಂದು ಸಂಖ್ಯೆಗೆ ಗಟ್ಟಿಯಾಗಿ ಅಂಟಿಕೊಂಡ ಮೇಲೆ ಹೇಳಿ, 200ಕ್ಕೂ ಹೆಚ್ಚು ಎಂದು.