ಆ ಬಾಕಿ ನನ್ನ ಮಗಳದಲ್ಲ

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹಾಗಾಗಿ ಮಾತೂ ಬಂದಿಲ್ಲ. ನಮ್ಮದು ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿ. ಎರಡು ವರ್ಷ ತುಂಬಿದರೂ ಅವಳು ಅವ್ವ ಅನ್ನದಿದ್ದಾಗ ಊರು ಕಾರಣ ಹುಡುಕಿ ತೀರ್ಪನ್ನೂ ಕೊಟ್ಟಿತು: "ಅಪ್ಪನ ನಾಲಿಗಿ ಸುಳ್ಳು ಹೇಳ್ತು, ದೇವರು ಮಗಳ ನಾಲಿಗಿ ಕಟ್ಟಿದ."

ಸುಳ್ಳು ಹೇಳಿದ್ದು ಖರೆ. ಹೊಲದ ಬದುವಿನ ತಂಟೆ ಕೋರ್ಟಿಗೆ ಹೋದಾಗ ನನ್ನ ಗಂಡ ಕಟಕಟೆಯಲ್ಲಿ ನಿಂತು, ಬದು ಅಜ್ಜನ ಕಾಲದಿಂದಲೂ ಅಲ್ಲೇ ಇತ್ತು ಎಂದು ಸಾಕ್ಷಿ ನುಡಿದರು. ಅದನ್ನು ಒತ್ತಿದ್ದು ನಮ್ಮ ಮಂದಿಯೇ. ಸೋತವಳು ದಾಯಾದಿ ಮನೆಯ ವಿಧವೆ. ಮರುವರ್ಷ ಮಗಳು ಹುಟ್ಟಿದಳು. ಊರಿಗೆ ಅಷ್ಟು ಸಾಕಾಗಿತ್ತು.

ಮನೆಯ ಯಜಮಾನಿಕೆ ಆಯಿಯದು. ಆಕೆ ನನ್ನ ಅವ್ವನ ಅವ್ವ, ನನಗೆ ಅತ್ತೆಯೂ ಹೌದು. ನಾನು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಆಸ್ಪತ್ರೆ ಅಂದರೆ ಸಾಕು, "ಪಾಪಕ್ಕ ಔಷಧ ಎಲ್ಲಿ ಸಿಗತೈತಿ?" ಅನ್ನುತ್ತಿದ್ದಳು. ಬಜೆ ಬೇರು ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದರು. ಅದು ಖಾರಕ್ಕೆ ಚೀರಿದರೆ, "ದನಿ ಐತಿ, ಮಾತು ಬಂದೇ ಬರತೈತಿ" ಎಂದು ಸಂಭ್ರಮ. ಯಮನೂರಿನ ಜಾತ್ರೆಗೆ ಒಯ್ದು ಬೆಣ್ಣಿಹಳ್ಳದಲ್ಲಿ ಮುಳುಗಿಸಿ ತಂದರು. ಆ ನೀರಿಗೆ ಹೆಸರಿರುವುದು ಚರ್ಮರೋಗಕ್ಕೆ. ಕಿವಿಗೂ ಆಗುತ್ತದೆ ಎಂದು ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಗಂಡ ದೀಡ ನಮಸ್ಕಾರ ಹಾಕಿ ಮೊಣಕಾಲು ಸುಲಿದುಕೊಂಡರು. ಅವರ ದುಃಖ ನಾಟಕವಾಗಿರಲಿಲ್ಲ. ಓಣಿಯಲ್ಲಿ ಕುಬಸ ಇದ್ದರೆ ನನ್ನನ್ನು ಕರೆಯುವುದನ್ನು ಬಿಟ್ಟರು, ಬಸುರಿಯ ಮೇಲೆ ನನ್ನ ನೆರಳು ಬಿದ್ದೀತೆಂದು.

ಕೊನೆಗೆ ಅಂಗನವಾಡಿ ಅಕ್ಕೋರು ಬೆನ್ನು ಹತ್ತಿದ್ದಕ್ಕೆ ಹುಬ್ಬಳ್ಳಿಗೆ ಹೋದೆವು. ಮಗಳಿಗೆ ನಿದ್ದೆ ಬರಿಸಿ, ತಲೆಗೆ ವೈರು ಅಂಟಿಸಿ ಬೇರಾ ಟೆಸ್ಟ್ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ ಎಂದು ಬಂತು. "ನಿಮ್ದು ಸಂಬಂಧದಾಗ ಆದ ಮದುವಿ ಏನ್ರಿ?" ಡಾಕ್ಟರು ಮೊದಲು ಕೇಳಿದ್ದೇ ಅದು. ಗಂಡಹೆಂಡತಿ ಇಬ್ಬರಲ್ಲೂ ಒಂದೇ ಕುಂದಿನ ಜೀನ್ ಅಡಗಿರಬಹುದು, ಅದು ಎರಡೂ ಕಡೆಯಿಂದ ಕೂಸಿಗೆ ಬಂದರೆ ಹೀಗಾಗುತ್ತದೆ, ಅಂಥವರಿಗೆ ಪ್ರತಿ ಬಸಿರಲ್ಲೂ 4ರಲ್ಲಿ 1 ಪಾಲು ಆ ಸಾಧ್ಯತೆ ಎಂದು ಬಿಡಿಸಿ ಹೇಳಿದರು. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮದುವೆ ಸಂಬಂಧದಲ್ಲೇ ಆಗುತ್ತದಂತೆ. ಅವರಲ್ಲಿ ಬಹಳ ಮಂದಿಗೆ ಹುಟ್ಟುವವು ಆರೋಗ್ಯದ ಮಕ್ಕಳೇ. ಕಾಕ್ಲಿಯರ್ ಇಂಪ್ಲಾಂಟ್ ವಿಚಾರಿಸಿದೆವು. ಹುಟ್ಟು ಕಿವುಡರಿಗೆ ಕೇಂದ್ರದ ಎಡಿಐಪಿ ಯೋಜನೆಯ ನೆರವು 5 ವರ್ಷದೊಳಗೆ ಮಾತ್ರ. ಮಗಳಿಗೆ ಐದು ದಾಟಿತ್ತು. ಅವಳ ಮಾತು ಕಸಿದದ್ದು ಆ ತಿರುಗಾಟದ ವರ್ಷಗಳು.

ಊರಿಗೆ ಬಂದು ಹೇಳಿದರೆ ಆಯಿ, "ಹಂಗಾರ ನಿನ್ನ ರಕ್ತದ್ದೇ ತಪ್ಪು" ಅಂದಳು. ನನ್ನದು ಅವಳದೇ ರಕ್ತ ಎಂಬುದು ಅವಳಿಗೆ ಹೊಳೆಯಲಿಲ್ಲ.

ನನ್ನ ಸಿಟ್ಟು ಬೇರೆಯದಕ್ಕೆ. ಪಾಪ, ಪಾಪ ಎಂದು ಇಷ್ಟು ವರ್ಷ ಆಡಿಕೊಂಡ ಊರಿನಲ್ಲಿ ಒಬ್ಬ ಹಿರಿಯನೂ "ಬದು ಹಿಂದಕ್ಕ ಸರಿಸಪಾ" ಎಂದು ಗಂಡನಿಗೆ ಹೇಳಲಿಲ್ಲ. ಮಗಳಿಗೆ ಶಿಕ್ಷೆ ಆಯಿತು, ಅಲ್ಲಿಗೆ ಲೆಕ್ಕ ಚುಕ್ತಾ. ನಾನೇ ಬಾಯಿಬಿಟ್ಟು ಕೇಳಿದಾಗ, "ದೇವರು ಕೊಡೂದು ಕೊಟ್ಟಾನಲ್ಲ, ಇನ್ನೇನು?" ಅಂದರು. ಕೋರ್ಟಿನ ಸುಳ್ಳಿಗಿಂತ ಈ ಮಾತು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಮಗಳು ಈಗ ಕಿವುಡ ಮಕ್ಕಳ ಶಾಲೆಯಲ್ಲಿದ್ದಾಳೆ. ರಜೆಗೆ ಬಂದರೆ ಕೈಸನ್ನೆಯಲ್ಲೇ ನನ್ನ ಜೊತೆ ಜಗಳ ತೆಗೆಯುತ್ತಾಳೆ. ಆ ವಿಧವೆ ಕೂಲಿಗೆ ಹೋಗುತ್ತಾರೆ. ಅವರ ಹೊಲದ ಆ ಪಟ್ಟಿಯಲ್ಲಿ ಈ ಮುಂಗಾರಿಗೂ ಹೆಸರು ಬಿತ್ತಿದವರು ನಾವೇ.