ಒಬ್ಬ ರಾಜ, ಆ ರಾಜ

ಪರೀಕ್ಷೆಗಳಿಗೂ ಒಂದು ವಯಸ್ಸೆಂಬುದು ಉಂಟು ಎಂದು ನಮ್ಮ ಕಾಲದವರು ನಂಬಿದ್ದೆವು. ಪದವಿ ಕೈಗೆ ಬಂದು, ಉದ್ಯೋಗ ದೊರೆತು, ಮನೆಯಲ್ಲಿ ತೊಟ್ಟಿಲು ತೂಗಿದ ಮೇಲೆ ಪರೀಕ್ಷೆಯ ಭಯ ಮಕ್ಕಳ ಪಾಲಿಗೆ ಹೋಗುತ್ತದೆ. ತಂದೆತಾಯಿಗಳಿಗೆ ಉಳಿಯುವುದು ಶುಲ್ಕ ಕಟ್ಟುವ ಕೆಲಸ ಮಾತ್ರ. ಈಗ ಆ ನಂಬಿಕೆ ಸಡಿಲವಾಗಿದೆ. ಮೂವತ್ತು ದಾಟಿ, ಕಿವಿಯ ಬಳಿ ಒಂದೆರಡು ಬೆಳ್ಳಿಯ ಎಳೆ ಕಾಣಿಸಿಕೊಂಡ ಎಂಜಿನಿಯರುಗಳು ಇಂಗ್ಲಿಷ್ ವ್ಯಾಕರಣವನ್ನು ಮುಂದಿಟ್ಟುಕೊಂಡು ಕುಳಿತಿರುವುದನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನೋಡಬಹುದು.

ಅಂಥವರಲ್ಲಿ ನನ್ನ ಸೋದರಳಿಯನೂ ಒಬ್ಬ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತವನು. ಅನಂತರ ಸಿವಿಲ್ ಎಂಜಿನಿಯರಿಂಗ್ ಓದಿ ಹನ್ನೆರಡು ವರ್ಷ ಮನೆ, ನೀರಿನ ತೊಟ್ಟಿ, ಸಣ್ಣ ಸೇತುವೆಗಳನ್ನು ಕಟ್ಟಿಸಿದ್ದಾನೆ. ಗೋಡೆಯಲ್ಲಿ ಬಿರುಕು ಕಂಡರೆ ಅದು ಗಿಲಾವಿನದೋ ಗೋಡೆಯದೋ ಎಂದು ನಿಂತಲ್ಲಿಂದಲೇ ಹೇಳಬಲ್ಲ. ಇಂಥವನು ಆಸ್ಟ್ರೇಲಿಯಾಕ್ಕೆ ಹೋಗುವ ಮನಸ್ಸು ಮಾಡಿದ. ಅಲ್ಲಿ ವಲಸೆಗಾಗಿ ಎಂಜಿನಿಯರುಗಳ ಅರ್ಹತೆಯನ್ನು ತೂಗಿನೋಡುವ ಸಂಸ್ಥೆಯ ಹೆಸರು ಎಂಜಿನಿಯರ್ಸ್ ಆಸ್ಟ್ರೇಲಿಯಾ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮೂಲಕ ಬರುವವರು ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಲ್ಲಿಯೂ ಒಂಬತ್ತಕ್ಕೆ ಕನಿಷ್ಠ ಆರು ಪಡೆಯಬೇಕೆಂಬುದು ಅದರ ನಿಯಮ. ನಮ್ಮ ಹುಡುಗನಿಗೆ ಮೂರರಲ್ಲಿ ಆರಕ್ಕಿಂತ ಹೆಚ್ಚೇ ಬಂದಿತ್ತು, ಬರೆಯುವುದರಲ್ಲಿ ಐದೂವರೆ. ಕೊರತೆಯಾದುದು ಅರ್ಧ ಅಂಕ, ಬಾಗಿಲು ಮಾತ್ರ ಪೂರ್ತಿಯಾಗಿಯೇ ಮುಚ್ಚಿತು.

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನಾದುದರಿಂದ ಅವನು ನನ್ನಲ್ಲಿಗೆ ಬಂದ. ಬಂದ ದಿನವೇ ಅವನ ಹಳ್ಳಿಯಿಂದ ನನ್ನ ತಂಗಿಯ ದೂರವಾಣಿ ಕರೆಯೂ ಬಂದಿತು.

“ಅಣ್ಣಾ, ನೀನು ಚೆನ್ನಾಗಿ ಹೇಳಿಕೊಟ್ಟರೆ ಅವನು ಹೋಗಿಬಿಡುತ್ತಾನೆ, ಅಲ್ಲವೇ?”

“ಹೌದಮ್ಮ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಾಗಾದರೆ ಚೆನ್ನಾಗಿಯೇ ಹೇಳಿಕೊಡು,” ಎಂದಳು. ಅವಳಿಗೆ ಇರುವವನು ಒಬ್ಬನೇ ಮಗ. ಮುಂದಿನ ನಾಲ್ಕು ತಿಂಗಳ ಪಾಠವೆಲ್ಲ ಈ ಒಂದು ಮಾತಿನ ಭಾರದ ಕೆಳಗೆ ನಡೆಯಿತು.

ಮೊದಲ ವಾರ ಅವನದೊಂದೇ ದೂರು: “ಮಾವ, ಕಟ್ಟಡ ನಿಲ್ಲುವುದು ಸಿಮೆಂಟಿನಿಂದ, ವ್ಯಾಕರಣದಿಂದಲ್ಲ.” ನಾನು ಅವನಿಗೆ ಟೆನೆರೀಫಿನ ಸಂಗತಿಯನ್ನು ಹೇಳಿದೆ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಆ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ ಎರಡು ದೊಡ್ಡ ವಿಮಾನಗಳು ಓಡುಹಾದಿಯ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣಗಳು ಹಲವು, ಅವುಗಳಲ್ಲಿ ಒಂದು, ಭಾಷೆ. ಡಚ್ ವಿಮಾನದಿಂದ ಬಂದ “ನಾವೀಗ ಟೇಕಾಫ್‌ನಲ್ಲಿದ್ದೇವೆ” ಎಂಬರ್ಥದ ಇಂಗ್ಲಿಷ್ ಮಾತನ್ನು, ಹಾರಲು ಸಿದ್ಧರಾಗಿ ನಿಂತಿದ್ದೇವೆ ಎಂದು ನಿಯಂತ್ರಣಾಧಿಕಾರಿ ತಿಳಿದುಕೊಂಡ. ವಿಮಾನವಾದರೋ ಆಗಲೇ ಓಡತೊಡಗಿತ್ತು. ಇಂಥ ಅನಾಹುತಗಳಿಂದ ಪಾಠ ಕಲಿತ ಮೇಲೆ, ದೇಶದಿಂದ ದೇಶಕ್ಕೆ ವಿಮಾನ ಹಾರಿಸುವವರಿಗೂ ಅವರನ್ನು ನಿಯಂತ್ರಿಸುವವರಿಗೂ ಇಂಗ್ಲಿಷಿನ ಒಂದು ಮಟ್ಟವನ್ನು 2008ರಿಂದ ಕಡ್ಡಾಯ ಮಾಡಿದರು. “ಪದ ತಪ್ಪಿದರೆ ಗೋಡೆಯೂ ಬೀಳಬಹುದಪ್ಪ,” ಎಂದೆ. ಅವನು ಮತ್ತೆ ಆ ದೂರನ್ನು ಎತ್ತಲಿಲ್ಲ.

ಆದರೆ ಅವನ ಇನ್ನೊಂದು ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಎಂಜಿನಿಯರನು ತಿಮಿಂಗಿಲದ ವಿಷಯವನ್ನೋ ಹಳೆಯ ನಗರದ ವಿಷಯವನ್ನೋ ಏಕೆ ಓದಿ ಉತ್ತರಿಸಬೇಕು? ಈ ಪರೀಕ್ಷೆಯ ಪೂರ್ವಜನೊಬ್ಬ 1980ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದಾಗ ತಂತ್ರಜ್ಞಾನ, ಭೌತವಿಜ್ಞಾನ, ವೈದ್ಯ ಮುಂತಾದವುಗಳಿಗೆ ಬೇರೆ ಬೇರೆ ಪತ್ರಿಕೆಗಳಿದ್ದವು. 1989ರಲ್ಲಿ ಹೊಸ ಹೆಸರು ಬಂದಾಗ ಅವು ಮೂರು ಗುಂಪುಗಳಾದವು; 1995ರಲ್ಲಿ ಅದೂ ಹೋಗಿ, ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆಲ್ಲ ಒಂದೇ ಪತ್ರಿಕೆಯಾಯಿತು. ಜಪಾನಿನವರು ಮಾತ್ರ ತಾಂತ್ರಿಕ ಇಂಗ್ಲಿಷಿಗೆಂದೇ 1981ರಲ್ಲಿ ಒಂದು ಪರೀಕ್ಷೆಯನ್ನು ಆರಂಭಿಸಿದರು. ತಾಂತ್ರಿಕ ಬರವಣಿಗೆಯನ್ನು ಕಲಿಸುವ ಅಲ್ಲಿನವರ ಮಂತ್ರ ಮೂರು ಮಾತಿನದು: ಸರಿಯಾಗಿ, ಸ್ಪಷ್ಟವಾಗಿ, ಚಿಕ್ಕದಾಗಿ. ನಮ್ಮ ಹುಡುಗ ಈ ಮೂರು ಮಾತುಗಳನ್ನು ದಪ್ಪಕ್ಷರದಲ್ಲಿ ಬರೆದು ನನ್ನ ಕೋಣೆಯ ಗೋಡೆಗೆ ಅಂಟಿಸಿದ. ನನ್ನ ಹೆಂಡತಿ ಅದನ್ನು ಓದಿ, “ಇದನ್ನು ನಿಮ್ಮ ಮಾವನವರು ಮಾತನಾಡುವ ಕಡೆಗೂ ಅಂಟಿಸಪ್ಪ,” ಎಂದಳು.

ಸ್ಪಷ್ಟತೆಗೆ ಮೊದಲ ಶತ್ರು ನಮ್ಮ ಕಛೇರಿಗಳ ಇಂಗ್ಲಿಷ್. ತೊಟ್ಟಿಯೊಂದು ಸೋರುತ್ತಿದೆ ಎಂದು ಬರೆಯುವುದಕ್ಕೆ ಅವನು ‘ಇಟ್ ಈಸ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್’ ಎಂದು ಪೀಠಿಕೆ ಹಾಕಿ, ನಡುವೆ ನಾಲ್ಕು ಸಲ ‘ದ ಸೇಮ್’ ಎಂದು, ‘ಡೂ ದ ನೀಡ್‌ಫುಲ್’ ಎಂದು ಮಂಗಳ ಹಾಡುತ್ತಿದ್ದ. ಸೋರಿಕೆ ಎಲ್ಲಿ, ಎಷ್ಟು, ಎಂದಿನಿಂದ ಎಂಬುದು ಮಾತ್ರ ಅದರಲ್ಲಿ ಸಿಗುತ್ತಿರಲಿಲ್ಲ. ಇದು ಅವನೊಬ್ಬನ ದೋಷವಲ್ಲ. ನೂರಾರು ವರ್ಷ ದೊರೆಗಳಿಗೆ ಅರ್ಜಿ ಬರೆದ ಕೈಗಳು ಬಿಟ್ಟುಹೋದ ಆಸ್ತಿ ಅದು. “ಮೇಸ್ತ್ರಿ ನಿನಗೆ ಈ ವಿಷಯವನ್ನು ಹೇಗೆ ಹೇಳಿದ?” ಎಂದು ಕೇಳಿದೆ. “ಸಾರ್, ಪಡುವಣ ಗೋಡೆ, ತಳದಿಂದ ಒಂದಡಿ ಮೇಲೆ, ನಿನ್ನೆ ರಾತ್ರಿಯಿಂದ ಒಸರುತ್ತಿದೆ ಅಂದ.” “ಆ ಮೇಸ್ತ್ರಿಯ ಮಾತನ್ನೇ ಇಂಗ್ಲಿಷಿನಲ್ಲಿ ಬರೆ,” ಎಂದೆ. ಅವನು ನಾಲ್ಕು ತಿಂಗಳಲ್ಲಿ ಬರೆದ ಮೊದಲ ಒಳ್ಳೆಯ ವಾಕ್ಯ ಅದು.

ಬರೆಯುವ ಭಾಗಕ್ಕೆ ಒಂದು ಗಂಟೆಯ ಅವಧಿ. ಮೊದಲನೆಯ ಪ್ರಶ್ನೆಯಲ್ಲಿ ಒಂದು ನಕ್ಷೆಯನ್ನೋ ಅಂಕಿಗಳ ಚಿತ್ರವನ್ನೋ ಕೊಟ್ಟು, ಕಂಡುದನ್ನು ಕನಿಷ್ಠ 150 ಪದಗಳಲ್ಲಿ ವಿವರಿಸು ಎನ್ನುತ್ತಾರೆ. ಎರಡನೆಯದು 250 ಪದಗಳ ಪ್ರಬಂಧ. ಮೊದಲನೆಯದು ಎಂಜಿನಿಯರನಿಗೆ ಬಾಳೆಯ ಹಣ್ಣನ್ನು ಸುಲಿದಷ್ಟು ಸುಲಭವೆಂದು ನಾನು ಎಣಿಸಿದ್ದೆ. ಸಿಮೆಂಟು ತಯಾರಿಸುವ ಚಿತ್ರವೊಂದನ್ನು ಬರೆದು ಮುಂದಿಟ್ಟೆ: ಸುಣ್ಣಕಲ್ಲು ಮತ್ತು ಜೇಡಿಮಣ್ಣು, ಅವನ್ನು ಪುಡಿಮಾಡುವ ಯಂತ್ರ, ತಿರುಗುವ ಗೂಡು, ಮತ್ತೆ ಬೀಸುವ ಯಂತ್ರ, ಚೀಲ. ಅವನು ಎರಡು ಪುಟ ಬರೆದ. ಗೂಡಿನ ಉಷ್ಣತೆ ಸುಮಾರು 1450 ಡಿಗ್ರಿ ಎಂದು ಬರೆದ. ಜಿಪ್ಸಮ್ ಬೆರೆಸುವ ವಿಷಯವನ್ನು ಬರೆದ.

“ಚಿತ್ರದಲ್ಲಿ ಜಿಪ್ಸಮ್ ಎಲ್ಲಿದೆಯಪ್ಪ?”

“ಜಿಪ್ಸಮ್ ಹಾಕದಿದ್ದರೆ ನೀರು ಸೋಕಿದೊಡನೆ ಸಿಮೆಂಟು ಬಿಗಿದುಕೊಳ್ಳುತ್ತದೆ ಮಾವ! ಚಿತ್ರ ಬರೆದವರಿಗೆ ಗೊತ್ತಿಲ್ಲ.”

ಚಿತ್ರ ಬರೆದವನು ನಾನೇ ಆದುದರಿಂದ ಸುಮ್ಮನಾದೆ. ಆದರೆ ಪರೀಕ್ಷೆಯ ಮರ್ಮ ಇಲ್ಲಿಯೇ ಇದೆ. ಅದು ನೀನು ತಿಳಿದಿರುವುದನ್ನು ಕೇಳುವುದಿಲ್ಲ. ಕಣ್ಣ ಮುಂದಿರುವುದನ್ನು ಹೆಚ್ಚಿಸದೆ ಕುಗ್ಗಿಸದೆ ಹೇಳಬಲ್ಲೆಯಾ ಎಂದು ಕೇಳುತ್ತದೆ. ಬಲ್ಲವನಿಗೇ ಇದು ಕಷ್ಟ. ತನ್ನ ಜ್ಞಾನವನ್ನು ಇಪ್ಪತ್ತು ನಿಮಿಷ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರುವುದಕ್ಕೆ ಅವನಿಗೆ ಒಂದು ತಿಂಗಳು ಹಿಡಿಯಿತು.

ಅನಂತರ ಬಂದುದು ‘ಎ’ ಮತ್ತು ‘ದ’ ಎಂಬ ಎರಡು ಸಣ್ಣ ಪದಗಳ ಕಾಟ. ಕನ್ನಡದಲ್ಲಿ ಇವಕ್ಕೆ ನೇರವಾದ ಜೋಡಿ ಇಲ್ಲ. ವ್ಯಾಕರಣ ಪುಸ್ತಕಗಳು ಹತ್ತಾರು ನಿಯಮಗಳನ್ನೂ ಅಷ್ಟೇ ಅಪವಾದಗಳನ್ನೂ ಕೊಡುತ್ತವೆ. ಅವನು ಎಲ್ಲವನ್ನೂ ಬಾಯಿಪಾಠ ಮಾಡಿ ಎಲ್ಲವನ್ನೂ ತಪ್ಪಾಗಿ ಬಳಸುತ್ತಿದ್ದ. ಒಂದು ಸಂಜೆ ನಾನು ಪುಸ್ತಕವನ್ನು ಮುಚ್ಚಿ, “ನಿನ್ನ ತಾಯಿ ಕಥೆಯನ್ನು ಹೇಗೆ ಆರಂಭಿಸುತ್ತಿದ್ದಳು?” ಎಂದು ಕೇಳಿದೆ.

“ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಹೆಂಡಿರು…”

“ಮೊದಲು ‘ಒಬ್ಬ ರಾಜ’ ಎಂದಳು. ಮರುಕ್ಷಣವೇ ‘ಆ ರಾಜ’ ಎಂದಳು. ಏಕೆ?”

“ಮೊದಲು ನಮಗೆ ರಾಜನ ಪರಿಚಯವಿರಲಿಲ್ಲ. ಹೇಳಿದ ಮೇಲೆ ಪರಿಚಯವಾಯಿತು.”

“ಹಾಗಾದರೆ ಗೋಡೆಯಲ್ಲಿ ಮೊದಲ ಸಲ ಕಂಡದ್ದು ‘ಎ ಕ್ರ್ಯಾಕ್’, ಮರುದಿನ ಅಳೆಯಲು ಹೋದಾಗ ಅದು ‘ದ ಕ್ರ್ಯಾಕ್’.”

ಎಲ್ಲ ಅಪವಾದಗಳೂ ಇದರಿಂದ ತೀರಲಿಲ್ಲ. ಆದರೆ ಬಹುಪಾಲು ತಪ್ಪುಗಳು ಆ ವಾರದಲ್ಲಿಯೇ ನಿಂತವು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ನನ್ನ ತಂಗಿ, ಇಂಗ್ಲಿಷಿನ ಅತಿ ತೊಡಕಾದ ಪಾಠವನ್ನು ಮಗನಿಗೆ ತೊಡೆಯ ಮೇಲೆಯೇ ಕಲಿಸಿಟ್ಟಿದ್ದಳು.

ಅಂಕಿಗಳ ವಿಷಯದಲ್ಲಿಯೂ ಇದೇ ಆಯಿತು. ಒಂದೂರಿನ ನೀರಿನ ಬೇಡಿಕೆ ದಿನಕ್ಕೆ 40 ಲಕ್ಷ ಲೀಟರಿನಿಂದ 60 ಲಕ್ಷಕ್ಕೆ ಏರಿತೆನ್ನಿ. ಅವನು ‘ಟು’ ಎನ್ನಬೇಕಾದಲ್ಲಿ ‘ಬೈ’ ಎಂದು ಬರೆದುಬಿಟ್ಟ. ಅದನ್ನು ನಂಬಿದವನು 100 ಲಕ್ಷ ಲೀಟರಿಗೆ ತೊಟ್ಟಿ ಕಟ್ಟಿಸಬೇಕು! ಆದರೆ ಕನ್ನಡದಲ್ಲಿ ‘60ಕ್ಕೆ ಏರಿತು’, ‘20ರಷ್ಟು ಏರಿತು’ ಎಂಬ ಭೇದವನ್ನು ಅವನು ಎಂದೂ ಮರೆತವನಲ್ಲ. ಹಾಗೆಯೇ ಶೇಕಡಾ 20 ಇದ್ದುದು 30 ಆದರೆ ಏರಿಕೆ ಶೇಕಡಾ ಹತ್ತಲ್ಲ. ಹತ್ತು ಅಂಶ ಮಾತ್ರ, ಮೊದಲಿದ್ದುದರ ಅರ್ಧದಷ್ಟು. ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದುದನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಚೆಲ್ಲದೆ ಹೊತ್ತು ತರುವುದಷ್ಟೇ ಕಲಿಯಬೇಕಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ನಾನು’. ಪರೀಕ್ಷೆಯ ಜೊತೆಗೆ ಅವನು ತನ್ನ ವೃತ್ತಿಜೀವನದ ಮೂರು ಕೆಲಸಗಳನ್ನು, ಒಂದೊಂದನ್ನೂ 1000ದಿಂದ 2500 ಪದಗಳಲ್ಲಿ, ಬರೆದುಕೊಡಬೇಕಾಗಿತ್ತು. ತಂಡ ಏನು ಮಾಡಿತೆಂದಲ್ಲ, ತಾನು ಏನು ಮಾಡಿದೆನೆಂದು ಬರೆಯಬೇಕು. ಅವನು ಬರೆದುದರಲ್ಲಿ ಎಲ್ಲವೂ ‘ಮಾಡಲಾಯಿತು’, ‘ಲೆಕ್ಕ ಹಾಕಲಾಯಿತು’, ಹೆಚ್ಚೆಂದರೆ ‘ನಾವು’.

“ಅಡಿಪಾಯವನ್ನು ಬದಲಾಯಿಸಬೇಕೆಂದು ಹೇಳಿದವರು ಯಾರು?”

“ನಾನೇ. ಆದರೆ ನಾನು, ನಾನು ಎಂದು ಬರೆದರೆ ಜಂಬವಾಗುವುದಿಲ್ಲವೇ ಮಾವ?”

ಕನ್ನಡದ ಹುಡುಗನಿಗೆ ಇದು ಸಹಜ. ‘ಮಾಡಿದೆ’ ಎಂದರೆ ಸಾಕು, ‘ನಾನು’ ಅದರೊಳಗೇ ತಲೆತಗ್ಗಿಸಿ ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಎಬ್ಬಿಸಿ ಎದುರಿಗೆ ನಿಲ್ಲಿಸಬೇಕು. ನಾನು ಅವನಿಗೆ ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಓದಲು ಕೊಟ್ಟೆ. ಪುಣೆಯ ಬಳಿಯ ಖಡಕವಾಸಲಾ ಅಣೆಕಟ್ಟಿಗೆ ಅವರ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರೆಂಬುದು ಲೋಕಕ್ಕೆಲ್ಲ ತಿಳಿದುದೇ. ಅಷ್ಟು ದೊಡ್ಡ ಕೆಲಸ ಮಾಡಿದವರ ಬರವಣಿಗೆ ಎಷ್ಟು ಸರಳ! ಮಾಡಿದ್ದನ್ನು ಮಾಡಿದೆ ಎನ್ನುವುದು ಜಂಬವಲ್ಲ, ಹೊಣೆ. ನಾಳೆ ಆ ಅಡಿಪಾಯ ಕುಸಿದರೆ ಕೇಳುವುದಕ್ಕೆ ಒಬ್ಬರು ಬೇಕಲ್ಲ. ಆ ಒಬ್ಬರ ಹೆಸರೇ ‘ನಾನು’. ಹೀಗೆ ಹೇಳಿದ ಮೇಲೆ ಅವನ ಪುಟಗಳಲ್ಲಿ ಆ ಪದ ಸಂಕೋಚವಿಲ್ಲದೆ ಓಡಾಡತೊಡಗಿತು.

ಮಾತಿನ ಪರೀಕ್ಷೆ ಹನ್ನೊಂದರಿಂದ ಹದಿನಾಲ್ಕು ನಿಮಿಷದ್ದು. ಅದರ ನಡುವೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತನಾಡಬೇಕು. ಇದಕ್ಕೆ ಪರೀಕ್ಷಕಳು ನನ್ನ ಹೆಂಡತಿ. ಅಡಿಗೆಮನೆಯ ಗಡಿಯಾರವನ್ನು ಮುಂದಿಟ್ಟುಕೊಂಡು, ಹುರುಳಿಕಾಯಿ ಬಿಡಿಸುತ್ತ ಚೀಟಿ ಎತ್ತಿ ಕೊಡುವಳು. ಒಂದು ದಿನ ಬಂದ ಚೀಟಿ: ‘ನಿನಗೆ ಏನನ್ನಾದರೂ ಕಲಿಸಿದ ಹಿರಿಯರೊಬ್ಬರನ್ನು ಕುರಿತು ಹೇಳು.’ ಅವನು ತಾಯಿಯನ್ನು ಕುರಿತು ಹೇಳಿದ. ಗಂಡ ತೀರಿದ ಮೇಲೆ ಎರಡೆಕರೆ ಜಮೀನನ್ನು ನೋಡಿಕೊಂಡು, ಹಾಲು ಮಾರಿ, ಅವನನ್ನು ಓದಿಸಿದ ಬಗೆಯನ್ನು ಹೇಳಿದ. ಎರಡು ನಿಮಿಷದಲ್ಲಿ ಒಂದು ತಪ್ಪೂ ಇರಲಿಲ್ಲ. “ಸಮಯವಾಯಿತಪ್ಪ” ಎಂದು ಹೇಳಬೇಕಾದವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕುಳಿತಿದ್ದಳು. ಅವನು, “ಅತ್ತೆ, ಕಾಫಿ ಇದೆಯೇ?” ಎಂದು ಎದ್ದು ಹೋದ.

ಫಲಿತಾಂಶ ಬಂದಿತು. ಬರೆಯುವುದರಲ್ಲಿ ಆರೂವರೆ. ಮನೆಯಲ್ಲಿ ಸಂತೋಷವಾಯಿತು, ಸಂತೋಷದ ಹಿಂದೆಯೇ ಇನ್ನೊಂದೂ ಬಂದು ಮೂಲೆಯಲ್ಲಿ ಕುಳಿತಿತು. ಯಾರೂ ಅದರ ಹೆಸರೆತ್ತಲಿಲ್ಲ.

ಅವನು ಹೊರಡುವುದಕ್ಕೆ ಇನ್ನೂ ಕೆಲವು ತಿಂಗಳುಗಳಿವೆ. ಈಗ ಅವನು ಕಟ್ಟಿಸುತ್ತಿರುವ ಕಟ್ಟಡದ ಮುಂದೆ ಕನ್ನಡದಲ್ಲಿ ಒಂದು ಹಲಗೆ ನಿಂತಿದೆ: ‘ಎರಡನೆಯ ಮಹಡಿಯ ತಾರಸಿಗೆ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 5ಕ್ಕೆ ನೀರು ಹಾಕಬೇಕು. 14 ದಿನ. ಹೊಣೆ: ನಾನು.’ ಕೆಳಗೆ ಅವನ ಸಹಿ. ಮೊದಲು ಅಲ್ಲಿ ‘ಎಲ್ಲರೂ ಸಹಕರಿಸಬೇಕಾಗಿ ವಿನಂತಿ’ ಎಂದಿತ್ತಂತೆ. ಇಂಗ್ಲಿಷ್ ಪರೀಕ್ಷೆಗಾಗಿ ಪಟ್ಟ ಪಾಡು ಅವನ ಕನ್ನಡವನ್ನೂ ತಿದ್ದಿದೆ ಎಂಬುದೇ ನನಗೆ ಸಂದ ಗುರುದಕ್ಷಿಣೆ.

ಮೊನ್ನೆ ತಂಗಿ ಬಂದಿದ್ದಳು. ನಾಲ್ಕು ವರ್ಷದ ಮೊಮ್ಮಗಳು ದೂರದೇಶದಲ್ಲಿ ತನ್ನ ಭಾಷೆ ಮರೆತರೆ ಅಜ್ಜಿಯೊಡನೆ ಏನು ಮಾತನಾಡುತ್ತಾಳೆ ಎಂಬುದು ಅವಳ ಚಿಂತೆ. ಆ ಚಿಂತೆಗೆ ಅವಳೇ ಒಂದು ದಾರಿ ಹುಡುಕಿಕೊಂಡಿದ್ದಾಳೆ. ಈಗಿನಿಂದಲೇ ದಿನವೂ ರಾತ್ರಿ ಎಂಟು ಗಂಟೆಗೆ ಹಳ್ಳಿಯಿಂದ ಬೆಂಗಳೂರಿಗೆ ದೂರವಾಣಿಯಲ್ಲಿ ಕಥೆ ಹೇಳುತ್ತಾಳೆ, ಅಭ್ಯಾಸವಾಗಲಿ ಎಂದು. “ಅಲ್ಲಿಗೆ ಹೋದಮೇಲೆ ಇಲ್ಲಿ ಎಂಟಾದರೆ ಅಲ್ಲಿ ಮಗು ಮಲಗಿ ಎಷ್ಟು ಹೊತ್ತಾಗಿರುತ್ತದಣ್ಣ?” ಎಂದು ಕೇಳಿದಳು. ಸಿಡ್ನಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ, ಅವರ ಬೇಸಿಗೆಯಲ್ಲಿ ಐದೂವರೆ ಗಂಟೆ, ಮುಂದೆ ಎಂದು ಹೇಳಿದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು.

“ಹಾಗಾದರೆ ಮಧ್ಯಾಹ್ನ ಮೂರಕ್ಕೆ ಹೇಳುತ್ತೇನೆ. ಹಾಲು ಕರೆಯುವುದಕ್ಕೆ ಇನ್ನೂ ಹೊತ್ತಿರುತ್ತದೆ,” ಎಂದಳು.